ಹುಲ್ಲು ಹುಟ್ಟದ ದಾರಿ

ಕಾಲುದಾರಿ ಮಾಡಿಸುವುದು ನಮ್ಮ ಕಚೇರಿಯಲ್ಲಿ ಮರ್ಯಾದೆಯ ಕೆಲಸವಾಗಿರಲಿಲ್ಲ. ಸೇತುವೆ ಮಾಡಿಸಿದವನಿಗೆ ಊರವರು ಶಾಲು ಹೊದೆಸುತ್ತಾರೆ. ಶಾಲೆಯ ಕಟ್ಟಡ ಮಾಡಿಸಿದವನಿಗೆ ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತದೆ. ಚರಂಡಿಯ ಮೇಲೆ ಚಪ್ಪಡಿ ಹಾಸಿ ಜನರನ್ನು ನಡೆಸುವ ಕೆಲಸ ಮಾತ್ರ ಸಾಹೇಬರ ಜೊತೆ ಜಗಳವಾಡಿದವನ ಪಾಲಿಗೆ ಬರುತ್ತದೆ. ನಾನು ಸೇರಿದ ಆರು ತಿಂಗಳಲ್ಲೇ ಜಗಳವಾಡಿದೆ. ಯಾಕೆಂದು ಈಗ ನೆನಪಿಲ್ಲ. ಬಹುಶಃ ಅವರೇ ಸರಿಯಿದ್ದರು. ಹಾಗಾಗಿ ನಿವೃತ್ತನಾಗುವವರೆಗೂ ಪುತ್ತೂರು, ಸುಳ್ಯ, ಕಡಬದ ಕಡೆಯ ಸಣ್ಣ ಪೇಟೆಗಳಲ್ಲಿ ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಡೆಯುವುದಿಲ್ಲ ಎಂದು ನೋಡುತ್ತಲೇ ನನ್ನ ಸರ್ವೀಸು ಕಳೆಯಿತು.

ಈಗ ಸೇರುವ ಇಂಜಿನಿಯರ್ ಮಕ್ಕಳು ನಮಗಿಂತ ಬುದ್ಧಿವಂತರು. ನಮ್ಮ ಕೈಯಲ್ಲಿ ಟೇಪು, ನಾಲ್ಕು ಗೂಟ, ಒಂದು ಡಬ್ಬಿ ಸುಣ್ಣದ ಪುಡಿ ಇತ್ತು. ಅವರು ಡ್ರೋನ್ ಹಾರಿಸಿ ಅರ್ಧ ಗಂಟೆಯಲ್ಲಿ ಇಡೀ ಪೇಟೆಯನ್ನು ಕಂಪ್ಯೂಟರಿಗೆ ಇಳಿಸುತ್ತಾರೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚು ಉಂಟೇ ಹೊರತು ತಕರಾರಿಲ್ಲ. ಆದರೆ ಡ್ರೋನಿಗೆ ಬಿಸಿಲು ತಾಗುವುದಿಲ್ಲ, ಅದು ಬಸ್ಸಿನಿಂದ ಇಳಿದು ರಸ್ತೆ ದಾಟುವುದಿಲ್ಲ, ಕಟ್ಟೆಯಲ್ಲಿ ಕೂತವರು ಅದನ್ನು ಅಡಿಯಿಂದ ಮುಡಿಯವರೆಗೆ ನೋಡುವುದಿಲ್ಲ. ಆ ಮೂರು ವಿಷಯ ಕಲಿಯಲು ನನಗೆ ಬಹಳ ವರ್ಷ ಬೇಕಾಯಿತು. ಪ್ರಮೋಷನ್ನಿನ ಕಥೆಗಳನ್ನು ಬಿಟ್ಟು ಅದನ್ನೇ ಇಲ್ಲಿ ಬರೆಯುತ್ತೇನೆ.

ಬಿಸಿಲಿನ ಪಾಠ ಕಲಿತದ್ದು ಪುತ್ತೂರಿನ ಹತ್ತಿರದ ಸವಣೂರಿನ ಕಡೆಯ ಒಂದು ಪೇಟೆಯಲ್ಲಿ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ರಸ್ತೆ. ಪೂರ್ವದ ಬದಿಯಲ್ಲಿ ಜಾಗ ಅಗಲವಾಗಿತ್ತೆಂದು ಅಲ್ಲಿಯೇ ಚಪ್ಪಡಿ ಹಾಸಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಜನ ಅದರ ಮೇಲೆಯೇ ನಡೆಯುತ್ತಿದ್ದರು. ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡು ವಾಪಸು ಬಂದೆ. ಒಂದು ದಿನ ಸಂಜೆ ಅಕಸ್ಮಾತ್ತಾಗಿ ಅದೇ ದಾರಿಯಲ್ಲಿ ಹೋದಾಗ ಚಪ್ಪಡಿಯ ಮೇಲೆ ಒಂದು ಕರು ಬಿಟ್ಟರೆ ಯಾರೂ ಇರಲಿಲ್ಲ. ಎಲ್ಲರೂ ಆಚೆ ಬದಿಯ ಅಂಗಡಿಗಳ ನೆರಳಿನಲ್ಲಿ, ಜಲ್ಲಿಯ ಮೇಲೆ ನಡೆಯುತ್ತಿದ್ದರು. ಒಬ್ಬ ಅಡಿಕೆ ವ್ಯಾಪಾರಿಯನ್ನು ಯಾಕೆಂದು ಕೇಳಿದೆ. "ಸಂಜೆಯ ಬಿಸಿಲು ಯಾವ ಕಡೆಯಿಂದ ಬರುದು ಅಂತ ನಿಮ್ಮ ಕಾಲೇಜಿನಲ್ಲಿ ಹೇಳಿಕೊಡುದಿಲ್ವಾ ಮಾರಾಯ್ರೆ?" ಎಂದು ಅವನು ನನ್ನನ್ನೇ ಕೇಳಿದ. ಹೇಳಿಕೊಟ್ಟಿದ್ದರು, ಆದರೆ ಅದು ಮನೆ ಕಟ್ಟುವ ಪಾಠದಲ್ಲಿತ್ತು.

ಇನ್ನೊಂದು ಸಲ ಸುಳ್ಯದ ಕಡೆ ರಸ್ತೆ ದಾಟುವ ಬಿಳಿ ಪಟ್ಟೆ ಬಳಿಸಿದೆ. ನಕ್ಷೆಯ ಪ್ರಕಾರ ಸರಿಯಾದ ಜಾಗ: ತಿರುವಿಲ್ಲ, ಎರಡೂ ಕಡೆ ಕಾಣುತ್ತದೆ. ಜನ ಅಲ್ಲಿಂದ ನಲವತ್ತು ಹೆಜ್ಜೆ ಆಚೆ ದಾಟುತ್ತಿದ್ದರು. ಎರಡು ವಾರ ಅವರ ಅಶಿಸ್ತನ್ನು ಬೈದುಕೊಂಡ ಮೇಲೆ ಗೊತ್ತಾಯಿತು, ಬಸ್ಸಿನ ಕಂಡಕ್ಟರುಗಳು ಸೀಟಿ ಊದಿ ನಿಲ್ಲಿಸುವುದು ಬೇಕರಿಯ ಎದುರು. ಬಸ್ಸಿನ ಬಾಗಿಲು ಎಲ್ಲಿ ತೆರೆಯುತ್ತದೋ ಅಲ್ಲಿಯೇ ಜನ ದಾಟುತ್ತಾರೆ. ಕಂಡಕ್ಟರುಗಳನ್ನು ಬದಲಾಯಿಸಲು ನನ್ನಿಂದಾಗಲಿಲ್ಲ, ಪಟ್ಟೆಯನ್ನು ಬೇಕರಿಯ ಎದುರಿಗೆ ತಂದೆ.

ಈ ಕೆಲಸದಲ್ಲಿ ನನಗೊಬ್ಬ ಗುರು ಇದ್ದರು, ಐತಪ್ಪ ಮೇಸ್ತ್ರಿ. ಕಾಣಿಯೂರಿನ ಕಡೆಯವರು. ಕೆಂಪುಕಲ್ಲಿನ ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ, ಓದಿದ್ದು ಎರಡನೆಯ ಕ್ಲಾಸು. ನಮ್ಮ ಎಸ್ಟಿಮೇಟುಗಳೆಲ್ಲ ಫೆಬ್ರವರಿ, ಮಾರ್ಚಿನಲ್ಲಿ ಆಗುತ್ತವೆ. ಆಗ ಈ ಸೀಮೆಯ ನೆಲವೆಲ್ಲ ಒಣಗಿ ಬೋಳಾಗಿರುತ್ತದೆ. ಯಾವುದು ಗುಡ್ಡೆ, ಯಾವುದು ದಾರಿ ಎಂಬುದೇ ತಿಳಿಯುವುದಿಲ್ಲ. ಐತಪ್ಪ ಮೇಸ್ತ್ರಿ ಹೇಳುತ್ತಿದ್ದರು: "ಸಾರ್, ದಾರಿ ನೋಡ್ಲಿಕ್ಕೆ ಆಟಿ ತಿಂಗಳಲ್ಲಿ ಬರ್ಬೇಕು. ಮಳೆಗೆ ಎಲ್ಲಾ ಕಡೆ ಹುಲ್ಲು ಬರ್ತದೆ. ಹುಲ್ಲು ಬಾರದ ಜಾಗ ಯಾವುದುಂಟು, ಅದು ಜನ ನಡೆಯುದು. ಅಲ್ಲಿಗೆ ಕಲ್ಲು ಹಾಕಿದ್ರೆ ಮುಗೀತು." ನಿಜಕ್ಕೂ ಅಷ್ಟೇ ಮಾತು. ಜಡಿಮಳೆಯಲ್ಲಿ ಕೊಡೆ ಹಿಡಿದು ಹೋದರೆ ಹಸಿರಿನ ನಡುವೆ ಒಂದು ಕೆಂಪು ಗೆರೆ ತಾನಾಗಿ ಕಾಣುತ್ತದೆ. ಅದಾದ ಮೇಲೆ ಬೇರೆ ಸರ್ವೆ ಬೇಡ. ನಾನು ಈ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ, ಮೀಟಿಂಗುಗಳಲ್ಲಿ ನನ್ನದೇ ಮಾತೆನ್ನುವ ಹಾಗೆ ಹೇಳಿದ್ದೂ ಉಂಟು. ಆದರೆ ನನ್ನ ಅತಿ ದೊಡ್ಡ ತಪ್ಪು ನಡೆದದ್ದು ಈ ಪಾಠ ಕಲಿತ ಮೇಲೆಯೇ.

ಆ ಪೇಟೆಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಕರೆದು ಮಾತಾಡಿಸುತ್ತಾರೆ, ಅದನ್ನು ಕೆಡಿಸಿಕೊಳ್ಳಲು ಮನಸ್ಸಿಲ್ಲ. ಕಡಬದಿಂದ ತುಂಬ ದೂರವಲ್ಲ ಎಂದರೆ ಸಾಕು. ರಸ್ತೆಯ ಒಂದು ತುದಿಯಲ್ಲಿ ಬಸ್ ತಂಗುದಾಣ, ಇನ್ನೊಂದು ತುದಿಯಲ್ಲಿ ಏರಿನ ಮೇಲೆ ಸೈಟಿನ ಮನೆಗಳ ಕಾಲನಿ. ಕಾಲನಿಯವರು ಬಸ್ಸಿಗೆ ಬರಲು ಎರಡು ದಾರಿ. ಒಂದು ಮುಖ್ಯ ರಸ್ತೆ. ಇನ್ನೊಂದು ಅಂಗಡಿ ಸಾಲಿನ ಹಿಂದಿನಿಂದ ಬರುವ ಹಳೆಯ ಕಾಲುದಾರಿ. ಅದು ಹಿಟ್ಟಿನ ಗಿರಣಿಯ ಹಿತ್ತಲು, ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಕಿಟಕಿ, ಎರಡು ಮನೆಗಳ ಅಂಗಳ ಇವನ್ನೆಲ್ಲ ಹಾದು ತಂಗುದಾಣದ ಪಕ್ಕದ ಚಹಾದ ಹೋಟೆಲಿನ ಬದಿಗೆ ಇಳಿಯುತ್ತಿತ್ತು. ಡೊಂಕು ದಾರಿ. ಮಳೆಗಾಲದಲ್ಲಿ ಜಾರುತ್ತಿತ್ತು.

ನಾನು ಮುಖ್ಯ ರಸ್ತೆಯ ಬದಿಯಲ್ಲಿ ಕಾಲುದಾರಿ ಮಾಡಿಸಿದೆ. ನನ್ನ ಸರ್ವೀಸಿನಲ್ಲೇ ಚೆಂದದ ಕೆಲಸ ಅದು. ಮಟ್ಟಸ ಚಪ್ಪಡಿ, ಬೀದಿದೀಪ, ನೀರು ನಿಲ್ಲದ ಹಾಗೆ ಸಣ್ಣ ಇಳಿಜಾರು. ದಾರಿಯ ಮಧ್ಯದಲ್ಲಿ ಒಂದು ದೊಡ್ಡ ಕಾಟುಮಾವಿನ ಮರವಿತ್ತು. ಬಿಸಿಲಿನ ಪಾಠ ನೆನಪಿದ್ದುದರಿಂದ ಮರ ಕಡಿಯಲು ಬಿಡಲಿಲ್ಲ. ಒಂದಿಷ್ಟು ಕೆಂಪುಕಲ್ಲು ಮಿಕ್ಕಿತ್ತು. ನಮ್ಮಲ್ಲಿ ಮರ ಕಂಡರೆ, ಕಲ್ಲು ಮಿಕ್ಕಿದ್ದರೆ, ಮತ್ತೇನು ಮಾಡುತ್ತಾರೆ? ಕಟ್ಟೆ ಕಟ್ಟುತ್ತಾರೆ. ನಾನೂ ಕಟ್ಟಿಸಿದೆ. ವಯಸ್ಸಾದವರು ಏರು ಹತ್ತುವ ಮೊದಲು ಒಂದು ಗಳಿಗೆ ಕೂರಲಿ ಎಂದು ಮೇಲೆ ಕಾವಿ ಹಾಕಿಸಿ ನುಣುಪು ಮಾಡಿಸಿದೆ. ಎಷ್ಟು ಖುಷಿಯಾಗಿತ್ತೆಂದರೆ, ಕೆಲಸ ಮುಗಿದ ದಿನ ನಾನೇ ಮೊದಲು ಅದರ ಮೇಲೆ ಕೂತೆ.

ಆದರೂ ಆ ಮಳೆಗಾಲದಲ್ಲಿ ಕಾಲನಿಯ ಹೆಂಗಸರು ಹಿತ್ತಲ ದಾರಿಯನ್ನು ಬಿಡಲಿಲ್ಲ. ಹೊಸ ದಾರಿ ಹತ್ತಿರ, ಸಮತಟ್ಟು, ಬೆಳಕು ಉಂಟು. ಇವರು ಮಾತ್ರ ಸೀರೆ ಎತ್ತಿಕೊಂಡು ಕೆಸರಿನಲ್ಲೇ ಇಳಿಯುತ್ತಿದ್ದರು. ಹಠ ಎಂದುಕೊಂಡೆ. ಮರುವರ್ಷ ರಸ್ತೆ ಅಗಲ ಮಾಡುವಾಗ ಹೋಟೆಲಿನ ಬದಿಯ ಗುಡ್ಡೆ ಜರಿಯದಂತೆ ತಡೆಗೋಡೆ ಕಟ್ಟಬೇಕಾಗಿತ್ತು. ಅದನ್ನೇ ನಾಲ್ಕಡಿ ಮುಂದುವರಿಸಿದರೆ ಹಳೆಯ ದಾರಿಯ ಬಾಯಿ ಮುಚ್ಚುತ್ತದೆ. ಐತಪ್ಪ ಮೇಸ್ತ್ರಿ ಕೈಯಲ್ಲಿ ಕಲ್ಲು ಹಿಡಿದು ನಿಂತರು.

"ಸಾರ್, ಇದು ಹುಲ್ಲು ಹುಟ್ಟದ ಜಾಗ. ಮುಚ್ಚುದು ಬೇಡ."

"ಆಚೆ ಬಂಗಾರದ ಹಾಗಿನ ದಾರಿ ಉಂಟಲ್ಲ ಮೇಸ್ತ್ರಿ. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಇದನ್ನು ಮುಚ್ಚಿದ್ರೆ ತಾನಾಗಿ ಅಲ್ಲಿಗೆ ಬರ್ತಾರೆ."

"ನೀವು ಹೇಳಿದ ಹಾಗೆ" ಎಂದು ಅವರು ಕಲ್ಲು ಇಟ್ಟರು. ಅವರು ಹಾಗೆ ಹೇಳಿದರೆ ಒಪ್ಪಿಗೆ ಇಲ್ಲ ಎಂದೇ ಅರ್ಥ. ನನಗೆ ಅದು ಗೊತ್ತಿತ್ತು. ಆದರೂ ಗೋಡೆ ಎದೆಯೆತ್ತರಕ್ಕೆ ಬಂತು. ಅದು ಮೇ ತಿಂಗಳು.

ಚೌತಿ ಕಳೆದ ಮೇಲೆ ಬೇರೆ ಕೆಲಸಕ್ಕೆಂದು ಆ ಪೇಟೆಗೆ ಹೋದೆ. ಮಳೆ ಬಿಟ್ಟಿತ್ತು. ಚಹಾದ ಹೋಟೆಲಿನಲ್ಲಿ ಕೂತು ನನ್ನ ಕಾಲುದಾರಿಯನ್ನು ನೋಡಿದೆ. ಗಂಡಸರು ನಡೆಯುತ್ತಿದ್ದರು. ಹೆಂಗಸರು, ಕಾಲೇಜಿನ ಹುಡುಗಿಯರು ಬಸ್ಸಿನಿಂದ ಇಳಿದು ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಿದ್ದರು. ಅಲ್ಲಿ ಕಾಲುದಾರಿಯೇ ಇಲ್ಲ. ಬಿಳಿ ಗೆರೆಯ ಪಕ್ಕ ಒಂದು ಗೇಣು ಮಣ್ಣು, ಅದನ್ನು ಉಜ್ಜಿಕೊಂಡೇ ಲಾರಿ ಹೋಗುತ್ತಿತ್ತು.

ತಂಗುದಾಣದಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ನಿಂತಿದ್ದಳು. ಕಾಲನಿಯ ಯಶೋದಕ್ಕ. ಬೀಡಿ ಕಟ್ಟುವವಳು, ಕೆಲಸ ನಡೆಯುವಾಗ ನಮ್ಮ ಆಳುಗಳಿಗೆ ನೀರು ಕೊಡುತ್ತಿದ್ದಳು. ಅವಳ ಮಗಳು ಶ್ವೇತಾ ಪುತ್ತೂರಿನ ಕಾಲೇಜಿಗೆ ಹೋಗುತ್ತಿದ್ದಳು, ಪಿಯುಸಿ. ಹತ್ತಿರ ಹೋಗಿ ಮಾತಾಡಿಸಿದೆ.

"ಎಂತ ಯಶೋದಕ್ಕ, ಎಲ್ಲಿಗೆ ಹೊರಟದ್ದು?"

"ಎಲ್ಲಿಗೂ ಇಲ್ಲ ಸಾರ್. ಮಗಳು ಬಸ್ಸಿನಲ್ಲಿ ಬರ್ತಾಳೆ. ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

"ದಿನಾ ಬರುದಾ? ಅವಳೇ ಬರುದಿಲ್ವಾ?"

"ಮೊದ್ಲು ಅವಳೇ ಬರ್ತಿದ್ಲು. ಹಿಂದಿನ ದಾರಿ ಇತ್ತಲ್ಲ." ಅವಳು ನನ್ನ ಮುಖ ನೋಡಲಿಲ್ಲ. "ಈಗ ನಾನು ಬರ್ಬೇಕು. ಬೀಡಿ ಅರ್ಧದಲ್ಲಿ ಬಿಟ್ಟು ಬರುದು. ಎಷ್ಟು ದಿನ ಅಂತ ಬರುದು ಹೇಳಿ? ದಸರಾ ರಜೆ ಬರ್ಲಿ, ಮತ್ತೆ ಕಳಿಸುದಿಲ್ಲ. ಮನೆಯಲ್ಲೇ ಇರ್ಲಿ ಅಂತ ಮಾಡಿದ್ದೇನೆ."

ನನಗೆ ಸಿಟ್ಟೇ ಬಂತು. ಇಷ್ಟು ಒಳ್ಳೆಯ ದಾರಿ ಇರುವಾಗ ಮಗಳ ಓದು ಬಿಡಿಸುವುದೆಂದರೇನು? "ಹೊಸ ದಾರಿಗೆ ಎಂತ ಆಗಿದೆ? ಅಲ್ಲಿ ಯಾರಾದ್ರೂ ಎಂತಾದ್ರೂ ಹೇಳ್ತಾರಾ? ಹೇಳಿ, ಈಗಲೇ ವಿಚಾರಿಸ್ತೇನೆ" ಎಂದೆ.

"ಯಾರೂ ಎಂತ ಹೇಳುದಿಲ್ಲ ಸಾರ್. ಪಾಪ, ಒಳ್ಳೆಯವರೇ. ಕಟ್ಟೆಯಲ್ಲಿ ಕೂತು ನೋಡ್ತಾರೆ, ಅಷ್ಟೆ."

"ಹಾಗಾದ್ರೆ ನಾನು ಜೊತೆಗೆ ಬರ್ತೇನೆ, ನಡೆಯಿರಿ ನೋಡುವ."

ಅವಳಿಗೆ ನಗು ಬಂತು. "ನೀವು ಜೊತೆಗಿದ್ರೆ ಎಂತ ಗೊತ್ತಾಗ್ತದೆ? ನೀವು ಇಲ್ಲೇ ಕೂತ್ಕೊಳ್ಳಿ. ನಾನು ಒಬ್ಬಳೇ ಮರದವರೆಗೆ ಹೋಗಿ ಬರ್ತೇನೆ. ನೋಡಿ."

ನಾನು ನೋಡಿದೆ. ಕಟ್ಟೆಯ ಮೇಲೆ ಜೀಪಿನ, ರಿಕ್ಷಾದ ಚಾಲಕರು ಐದಾರು ಮಂದಿ ಬಾಡಿಗೆ ಕಾಯುತ್ತ ಕೂತಿದ್ದರು. ಕಾಲುಗಳು ನನ್ನ ಚಪ್ಪಡಿಯ ಮೇಲೆ ಚಾಚಿದ್ದವು. ಜೋರಾಗಿ ಏನೋ ತಮಾಷೆ ನಡೆದಿತ್ತು. ಯಶೋದಕ್ಕ ಹತ್ತಿರ ಬಂದ ಹಾಗೆ ಮಾತು ನಿಂತಿತು. ಒಬ್ಬ ಕಾಲು ಎಳೆದುಕೊಂಡ, ಇನ್ನೊಬ್ಬ ನಿಧಾನಕ್ಕೆ ಎಳೆದುಕೊಂಡ. ಅವಳು ಸೆರಗು ಹಿಡಿದು ಓರೆಯಾಗಿ ದಾಟಿದಳು. ಅಷ್ಟೂ ತಲೆಗಳು ಅವಳ ಜೊತೆಗೇ ತಿರುಗಿದವು. ವಾಪಸು ಬರುವಾಗ ಮತ್ತೊಮ್ಮೆ ಹಾಗೆಯೇ ಆಯಿತು. ಅವಳು ದಾಟಿದ ಮೇಲೆ ಮಾತು ಮತ್ತೆ ಶುರುವಾಯಿತು.

ದೂರು ಕೊಡಲು ಅಲ್ಲಿ ಏನೂ ನಡೆದಿರಲಿಲ್ಲ. ಅವಳಿಗೆ ನಲವತ್ತು ದಾಟಿತ್ತು, ಮಗಳಿಗೆ ಹದಿನೇಳು. ದಿನಕ್ಕೆ ಎರಡು ಸಲ, ಎರಡು ವರ್ಷ. ಆಗ ನನಗೆ ಆ ಗಿರಣಿಯ ಹಿತ್ತಲು, ಹೊಲಿಗೆಯ ಕಿಟಕಿ, ಎರಡು ಅಂಗಳ ನೆನಪಾದವು. ಅಲ್ಲಿಯೂ ನೋಡುವವರು ಇದ್ದರು. ಆದರೆ ಅವರು "ಈಗ ಬಂದದ್ದಾ ಶ್ವೇತಾ?" ಎಂದು ಕೇಳುವವರು. ನಾನು ಕೆಸರು ನೋಡಿದ್ದೆ, ಕಿಟಕಿ ನೋಡಿರಲಿಲ್ಲ. ಇನ್ನೂ ನಾಚಿಕೆಯ ವಿಷಯ ಒಂದುಂಟು: ಆ ಕಟ್ಟೆಯ ಮೇಲೆ ಸಂಜೆ ಹೊತ್ತು ನಾನೂ ಎಷ್ಟೋ ಸಲ ಕೂತಿದ್ದೆ. ನನ್ನ ತಲೆಯೂ ತಿರುಗಿರಲೇಬೇಕು.

"ರಜೆ ಮುಗಿಯುವವರೆಗೆ ಸ್ವಲ್ಪ ತಡೀರಿ, ಬಿಡಿಸಬೇಡಿ" ಎಂದೆ.

"ಅಷ್ಟರಲ್ಲಿ ಎಂತ ಆಗ್ತದೆ ಸಾರ್?"

ಎಂತ ಆಗುತ್ತದೆಂದು ನನಗೂ ಗೊತ್ತಿರಲಿಲ್ಲ. ಕಟ್ಟೆ ಒಡೆಸುವುದು ನ್ಯಾಯವಲ್ಲ. ಬಾಡಿಗೆ ಕಾಯುವವರಿಗೂ ನೆರಳು ಬೇಕು, ಬೆಳಿಗ್ಗೆ ಮುದುಕರು ಅಲ್ಲಿ ನಿಜಕ್ಕೂ ಕೂರುತ್ತಿದ್ದರು. ಒಡೆಯಬೇಕಾದದ್ದು ಗೋಡೆ. ಆದರೆ ಕಟ್ಟಿ ನಾಲ್ಕು ತಿಂಗಳಾದ ಗೋಡೆಯನ್ನು ಕಟ್ಟಿಸಿದವನೇ ಒಡೆಸುವುದೆಂದರೆ ಕಚೇರಿಯಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಮರುದಿನ ಸಾಹೇಬರ ಕೋಣೆಗೆ ಹೋದೆ.

ಆಗ ನಮಗೆ ಚಾಕೊ ಸಾರ್ ಎಂಬವರು ಸಾಹೇಬರಾಗಿದ್ದರು. ನೆಲ್ಯಾಡಿಯ ಕಡೆ ಬಂದು ನೆಲೆಸಿದ ರಬ್ಬರ್ ಕೃಷಿಕರ ಮನೆಯವರು. ಬೈಗುಳದಲ್ಲಿ ಧಾರಾಳಿ, ಸಹಿಯಲ್ಲಿ ಜಿಪುಣ. ನಾನು ಎಲ್ಲವನ್ನೂ ಹೇಳಿದೆ, ಕಟ್ಟೆಯ ಮೇಲೆ ನಾನು ಕೂತದ್ದನ್ನೂ ಬಿಡದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ತೋಟದಲ್ಲಿ ಟ್ಯಾಪಿಂಗಿಗೆ, ರಬ್ಬರ್ ಹಾಲು ತೆಗೀಲಿಕ್ಕೆ, ಹೆಂಗಸರು ಬರ್ತಾರೆ. ಅಪ್ಪ ಚೆಂದದ ಮೆಟ್ಟಿಲು ಮಾಡಿಸಿದ್ರು, ಶೆಡ್ಡಿನ ಎದುರಿನಿಂದ. ಒಬ್ಬರೂ ಹತ್ತಲಿಲ್ಲ. ಶೆಡ್ಡಿನಲ್ಲಿ ಅಪ್ಪ ಕೂತಿರ್ತಿದ್ರಲ್ಲ!" ಜೋರಾಗಿ ನಕ್ಕರು. ಆಮೇಲೆ ಮುಖ ಗಂಟು ಹಾಕಿದರು. "ಅದೆಲ್ಲ ಸರಿ. ಫೈಲಿನಲ್ಲಿ ಎಂತ ಬರೆಯುದು? ಕಟ್ಟೆಯಲ್ಲಿ ಕೂತವರು ನೋಡ್ತಾರೆ, ಆದ ಕಾರಣ ಸರಕಾರದ ಗೋಡೆ ಒಡೆದಿದೆ ಅಂತ ಬರೆಯುದಾ?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಗೋಡೆಯ ಹಿಂದೆ ಮಳೆನೀರು ನಿಲ್ತದಾ?"

"ನಿಲ್ತದೆ ಸಾರ್. ಮೊಣಕಾಲಿನವರೆಗೆ."

"ಮತ್ತೆಂತ ಮಾರಾಯ! ಮಳೆನೀರು ಹೋಗ್ಲಿಕ್ಕೆ ಕಿಂಡಿ ಬೇಕು ಅಂತ ಬರಿ. ನೀರಿನ ಹೆಸರು ಹೇಳಿದ್ರೆ ನಮ್ಮ ಜಿಲ್ಲೆಯಲ್ಲಿ ಯಾರೂ ಪ್ರಶ್ನೆ ಕೇಳುದಿಲ್ಲ."

ಹಾಗೆ ಬರೆದೆ. ಮೂರೂವರೆ ಅಡಿ ಅಗಲದ ಕಿಂಡಿ, ಅದಕ್ಕೆ ಐದು ಮೆಟ್ಟಿಲು. ಗುಮಾಸ್ತರೊಬ್ಬರು ಕಿಂಡಿಗೆ ಮೆಟ್ಟಿಲು ಯಾಕೆಂದು ಕೇಳಿದರು. ನೀರು ನಿಧಾನಕ್ಕೆ ಇಳಿಯಲಿ ಎಂದೆ. ಅವರು ನನ್ನನ್ನು ಒಂದು ಸಲ ನೋಡಿ ಫೈಲನ್ನು ಮುಂದಕ್ಕೆ ಕಳಿಸಿದರು. ಆ ಕಡತ ಇಂದಿಗೂ ಯಾವುದೋ ಕಪಾಟಿನಲ್ಲಿ ಇರಬೇಕು. ಹೊಸಬರು ಅದನ್ನು ಓದಿ ನಾನೆಂಥ ದಡ್ಡ ಎಂದುಕೊಂಡರೆ ತಪ್ಪಿಲ್ಲ.

ಐತಪ್ಪ ಮೇಸ್ತ್ರಿ ತಾವು ಕಟ್ಟಿದ್ದನ್ನು ತಾವೇ ಬಿಚ್ಚಿದರು. "ನಾನು ಹೇಳಿದ್ದಲ್ವಾ" ಎಂದು ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಜಾರುವ ಕಡೆಗೆಲ್ಲ ಒರಟು ಕಲ್ಲು ಕೂರಿಸಿದರು. ರಜೆ ಮುಗಿಯುವ ಮುನ್ನಾ ದಿನ ಕೆಲಸ ಮುಗಿಯಿತು. ನಾನು ಕಾಲನಿಗೆ ಹೋಗಿ ಯಶೋದಕ್ಕನಿಗೆ ಹೇಳಿ ಬಂದೆ. ಅವಳು ಬೀಡಿ ಕಟ್ಟುತ್ತಲೇ ಕೇಳಿದಳು. "ನಾಳೆ ಒಂದು ದಿನ ಕಳಿಸಿ ನೋಡ್ತೇನೆ ಸಾರ್, ಮತ್ತೆ ಹೇಳ್ತೇನೆ" ಎಂದಳಷ್ಟೆ. ಶ್ವೇತಾ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದಳು.

ಮರುದಿನ ಸಂಜೆ ಬಸ್ಸು ಬರುವ ಮೊದಲೇ ನಾನು ಅಲ್ಲಿದ್ದೆ. ಚಾಕೊ ಸಾರ್ ಕುತೂಹಲ ತಡೆಯಲಾರದೆ ಜೀಪಿನಲ್ಲಿ ಬಂದರು. ಐತಪ್ಪ ಮೇಸ್ತ್ರಿ, ಅವರ ಇಬ್ಬರು ಆಳುಗಳು, ಜೀಪಿನ ಚಾಲಕ, ಎಲ್ಲರೂ ಕಿಂಡಿಯ ಪಕ್ಕದಲ್ಲಿ ಸಾಲಾಗಿ ನಿಂತೆವು, ಮದುವೆಗೆ ಬಂದವರನ್ನು ಎದುರುಗೊಳ್ಳುವವರ ಹಾಗೆ. ಯಶೋದಕ್ಕ ತಂಗುದಾಣದಲ್ಲಿದ್ದಳು. ಬಸ್ಸು ಬಂತು. ಕಾಲನಿಯ ಹೆಂಗಸರು ಇಳಿದರು, ಹುಡುಗಿಯರು ಇಳಿದರು, ಶ್ವೇತಾ ಇಳಿದಳು. ಒಬ್ಬರೂ ನಮ್ಮ ಕಡೆಗೆ ಬರಲಿಲ್ಲ. ಮುಂದಿದ್ದ ಇಬ್ಬರು ಕಿಂಡಿ ನೋಡಿದರು, ನಮ್ಮನ್ನು ನೋಡಿದರು, ತಲೆ ತಗ್ಗಿಸಿ ಲಾರಿ ಹೋಗುವ ಬದಿಗೆ ದಾಟಲು ರಸ್ತೆಯ ಅಂಚಿಗೆ ಹೋದರು.

"ಎಂತ ಮಾರಾಯ ಇದು?" ಎಂದರು ಚಾಕೊ ಸಾರ್. "ಯಾರೂ ಬರುದಿಲ್ಲವಲ್ಲ!"

ಯಶೋದಕ್ಕ ಮಗಳ ಕೈ ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳ ಕಣ್ಣು ನಮ್ಮ ಆರು ಜನರ ಮೇಲೆ ಹಾದು ನೆಲಕ್ಕೆ ಇಳಿಯಿತು. ಆಗ ನನಗೆ ಅರ್ಥವಾಯಿತು.

"ಸಾರ್, ಚಹಾ ಕುಡಿಯುವ" ಎಂದೆ.

"ಈಗಲಾ? ನೋಡ್ಲಿಕ್ಕೆ ಅಂತ ಬಂದದ್ದಲ್ವಾ?"

"ಈಗಲೇ. ಎಲ್ಲರೂ ಬನ್ನಿ."

ಹೋಟೆಲಿನ ಒಳಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ಆರೂ ಜನ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆವು. ಹೋಟೆಲಿನವನು ನಮಗೇನಾಯಿತೆಂದು ತಿಳಿಯದೆ ಚಹಾ ತಂದಿಟ್ಟ. ಸ್ವಲ್ಪ ಹೊತ್ತು ಲಾರಿಯ ಸದ್ದು ಮಾತ್ರ ಇತ್ತು. ಆಮೇಲೆ ಪಕ್ಕದ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಹತ್ತಿದ ಸದ್ದು. ನಿಂತಿತು. ಮತ್ತೊಂದು ಜೊತೆ. ಆಮೇಲೆ ಎಷ್ಟೋ. ಯಾರೋ ನಕ್ಕರು. ಹಿತ್ತಲ ದಾರಿಯ ಕಿಟಕಿಯಿಂದ ಹೊಲಿಗೆಯವಳು "ಓ, ಈಗ ಬಂದದ್ದಾ?" ಎಂದು ಕೂಗಿದ್ದು ಕೇಳಿತು. ಗೋಡೆಯ ಆಚೆ, ನನ್ನ ಕಿವಿಯ ಪಕ್ಕದಲ್ಲೇ ಎಂಬಂತೆ, ಯಶೋದಕ್ಕ ಮಗಳಿಗೆ ತುಳುವಿನಲ್ಲಿ ಹೇಳಿದಳು, ನಾಳೆಯಿಂದ ನಾನು ಬರುವುದಿಲ್ಲ, ನೀನೇ ಬಾ ಎಂದು.

ಚಾಕೊ ಸಾರ್ ತಿರುಗಿ ನೋಡಲು ಹೊರಟರು. ಅವರು ನನ್ನ ಸಾಹೇಬರು. ಆದರೂ ತೋಳು ಹಿಡಿದು ಕೂರಿಸಿದೆ.